ಯಾವ ಅಕ್ಕಿ?

ಇಂಗ್ಲಿಷಿನ ಕ್ರಾಸ್‌ವರ್ಡೂ ಕನ್ನಡದ ಪದಬಂಧವೂ ಒಂದೇ ಆಟ ಎನ್ನುವವರು ಎರಡನ್ನೂ ಕೂತು ಬಿಡಿಸಿರಲಾರರು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ವಜ್ರಾಕಾರದ ಚೌಕಟ್ಟೊಂದನ್ನು ಅಚ್ಚು ಹಾಕಿಸಿದಾಗ ಒಂದು ಮನೆಗೆ ಒಂದು ಲೆಟರ್. ನಮ್ಮಲ್ಲಿಗೆ ಬರುವಾಗ ಅದು ಒಂದು ಮನೆಗೆ ಒಂದು ಅಕ್ಷರವಾಯಿತು. ಲೆಟರ್ ಬೇರೆ, ಅಕ್ಷರ ಬೇರೆ. ‘ಸ್ತ್ರೀ’ಯನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಲು ನಾಲ್ಕು ಮನೆಯಾದರೂ ಬೇಕು, ಕನ್ನಡದಲ್ಲಿ ಅವಳದು ಒಂದೇ ಮನೆಯ ಸಂಸಾರ. ‘ದಿನ’ವನ್ನು ತಿರುಗಿಸಿದರೆ ‘ನದಿ’ಯಾಗುತ್ತದೆ, ಗುಡಿಸು ತನ್ನ ವ್ಯಂಜನವನ್ನು ಬಿಟ್ಟು ಕದಲುವುದಿಲ್ಲ. ‘ಹಿಂದಿನಿಂದ ಬಂದರೂ ಅದೇ ಜಿಲ್ಲೆ (3)’ ಎಂದರೆ ಗದಗ.

ಬಿಡಿಸುವವರಿಗಿಂತ ಕಟ್ಟುವವರ ಪಾಡು ದೊಡ್ಡದು. ಅವರಲ್ಲಿ 26 ಲೆಟರ್‌ಗಳು ಮುಗಿದರೆ ಮುಗಿಯಿತು. ನಮ್ಮಲ್ಲಿ 34 ವ್ಯಂಜನಗಳಿಗೆ 13 ಸ್ವರಗಳ ಕಾಗುಣಿತ ಹಾಕಿದರೇ 442 ಅಕ್ಷರ, ಒತ್ತಕ್ಷರಗಳ ಲೆಕ್ಕ ಇನ್ನೂ ಬೇರೆ. ‘ಪದ್ಮ’ ಎಂದು ಅಡ್ಡಕ್ಕೆ ಬರೆದಿರೋ, ‘ದ್ಮ’ ಎಂಬ ಮನೆಯಿಂದ ಕೆಳಕ್ಕೆ ಯಾವ ಪದವನ್ನು ಇಳಿಸುತ್ತೀರಿ? ‘ಬಸ್’ ಎಂದರೆ ‘ಸ್’ ಕೂಡ ಹಾಗೆಯೇ ಗೋಡೆ. ‘ಬಸ್ಸು’ ಎಂದರೂ ‘ಸ್ಸು’ವಿನಿಂದ ಹುಟ್ಟುವ ಪದವಿಲ್ಲ. ಅ.ನಾ. ಪ್ರಹ್ಲಾದರಾವ್ ಅಂಥವರು ಸಾವಿರಗಟ್ಟಲೆ ಪದಬಂಧ ಕಟ್ಟಿದ್ದಾರೆಂಬುದನ್ನು ನೆನೆದಾಗಲೆಲ್ಲ ನನಗೆ ತಲೆ ಸುತ್ತುತ್ತದೆ.

ಇಷ್ಟೆಲ್ಲ ನನ್ನ ತಲೆಗೆ ಹೊಕ್ಕಿದ್ದು ಅಮ್ಮನಿಂದ. ಅವಳು ಏಳನೇ ಕ್ಲಾಸಿನವರೆಗೆ ಓದಿದವಳು. ಮದ್ದೂರಿನ ಹತ್ತಿರದ ನಮ್ಮೂರಿಗೆ ಪೇಪರು ಬರುವುದು ಬೆಳಗಿನ ಬಸ್ಸಿಗೆ. ಎಂಟಕ್ಕೆ ಸರಿಯಾಗಿ ಬೆಂಗಳೂರಿನಲ್ಲಿರುವ ನನಗೆ ಫೋನು ಬರುತ್ತದೆ. ಅಷ್ಟರಲ್ಲಿ ಅವಳದು ಮುಕ್ಕಾಲು ಪಾಲು ತುಂಬಿರುತ್ತದೆ. ನನ್ನದು ನಾಲ್ಕೋ ಐದೋ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು ಎಂಬುದನ್ನು ಆ ಹೊತ್ತಿನಲ್ಲಿ ಇಬ್ಬರೂ ಎತ್ತುವುದಿಲ್ಲ.

“ಹನ್ನೊಂದು ಅಡ್ಡ ಅಕ್ಕಿ ಕನ್ಲಾ.”

“ಯಾವ ಅಕ್ಕಿನವ್ವ? ಬೇಯ್ಸೋದಾ, ಹಾರೋದಾ?”

“ಆರೋದು.”

ನಮ್ಮ ಕಡೆಯ ನಾಲಗೆಗೆ ಹಕಾರ ಏಳುವುದಿಲ್ಲ. ಹಾಲು ಆಲು, ಹೂವು ಊವು. ಆದರೆ ಅಮ್ಮನ ಪೇಪರನ್ನು ತೆಗೆದು ನೋಡಿ, ಬರೆದಿರುವುದು ‘ಹಕ್ಕಿ’ ಎಂದೇ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ದಿನವೂ ಆ ಅಕ್ಷರ ಅವಳ ಪೆನ್ಸಿಲ್ಲಿಗೆ ತಪ್ಪಿಲ್ಲ. ‘ಹ’ ಹಾಕದಿದ್ದರೆ ಕೆಳಕ್ಕೆ ‘ಹಗ್ಗ’ ಬರುವುದಿಲ್ಲವಲ್ಲ.

ಹೈಸ್ಕೂಲಿನಲ್ಲಿದ್ದಾಗ ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ಅಮ್ಮ ಎದ್ದುನಿಂತು ಹುಡುಗಿಯರ ಕಡೆಯ ನೀರಿನ ಟ್ಯಾಂಕಿನ ಬಗ್ಗೆ ಕೇಳಿದಳು. ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ವೇದಿಕೆಯ ಮೇಲಿದ್ದವರೊಬ್ಬರು ಅವಳ ‘ಉಡ್ಗೀರು’ ಎಂಬ ಮಾತನ್ನು ಅವಳದೇ ರಾಗದಲ್ಲಿ ಮೈಕಿನಲ್ಲಿ ತಿರುಗಿ ಹೇಳಿದರು. ಸಭೆ ನಕ್ಕಿತು. ಅಮ್ಮ ಸೆರಗು ಹೊದ್ದು ಕೂತಳು. ಆಮೇಲೆ ಸಂಘದ ಸಭೆಯಿರಲಿ, ಬ್ಯಾಂಕಿರಲಿ, ಅಪ್ಪನ ಆಸ್ಪತ್ರೆಯಿರಲಿ, ಅವಳು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡುತ್ತಿದ್ದಳು. ಮಾತಾಡುತ್ತಿರಲಿಲ್ಲ. ಅಕ್ಷರ ಮಾತ್ರ ಮುತ್ತಿನಂತೆ.

ಹಳಗನ್ನಡ ಓದುವಾಗ ನನಗೆ ಸಿಟ್ಟು ಬಂದದ್ದು ಇದಕ್ಕೇ. ಪಂಪನ ಕಾಲದಲ್ಲಿ ಪಾಲ್, ಪೂ, ಪಕ್ಕಿ. ನಡುಗನ್ನಡಕ್ಕೆ ಬರುವಷ್ಟರಲ್ಲಿ ಆ ಪಕಾರ ಸವೆದು ಹಕಾರವಾಯಿತು, ಹಾಲು, ಹೂ, ಹಕ್ಕಿ. ಅದಕ್ಕೆ ವ್ಯಾಕರಣದ ಪುಸ್ತಕದಲ್ಲಿ ಜಾಗವಿದೆ, ಪರೀಕ್ಷೆಯಲ್ಲಿ ಅಂಕವಿದೆ. ಅದೇ ದಾರಿಯಲ್ಲಿ ನಮ್ಮೂರಿನ ನಾಲಗೆ ಇನ್ನೊಂದು ಹೆಜ್ಜೆ ಮುಂದೆ ಹೋದರೆ ಮೈಕಿನಲ್ಲಿ ಅಣಕ. ಪಂಪನೆದುರು ನಿಂತು ಯಾರಾದರೂ ‘ಹಾಲು’ ಎಂದಿದ್ದರೆ ಅವನೂ ನಗುತ್ತಿದ್ದನೋ ಏನೋ! ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ ನನ್ನ ದನಿ ಅಗತ್ಯಕ್ಕಿಂತ ಎತ್ತರಕ್ಕೆ ಹೋಗುತ್ತದೆ.

ಚೌಕಟ್ಟಿನೊಳಗೆ ಯಾರ ದನಿಯೂ ಕೇಳುವುದಿಲ್ಲ. ಅಲ್ಲಿ ಅಮ್ಮನದು ಯಜಮಾನಿಕೆ. ಬಿಡಿಸಿ ಮುಗಿದ ಮೇಲೆ ವಿಮರ್ಶೆ ಶುರು, ನನಗೆ ಅದೇ ಇಷ್ಟ. “ಇವತ್ತು ಮಾಡ್ದೋನು ಸೋಂಬೇರಿ. ಮರಕ್ಕೆ ತರು, ತರುಗೆ ಮರ.” ‘ಆನೆ (2)’ ಎಂದಾಗ ಗಜವೋ ಕರಿಯೋ ಇಭವೋ ಎಂದು ಅಡ್ಡಪದಗಳಿಗಾಗಿ ಕಾಯಬೇಕು. ಒಂದು ದಿನ ರೇಗಿ ಹೇಳಿದಳು: “ಇಬ ಅನ್ನೋ ಆನೆ ಪೇಪರ್ನಲ್ ಬುಟ್ರೆ ಇನ್ಯಾವ್ ಕಾಡಲ್ಲೂ ಇಲ್ಲ ಕನಪ್ಪ.” ಬರೆದದ್ದು ಮಹಾಪ್ರಾಣದ ‘ಭ’ವನ್ನೇ. ‘ಬಿತ್ತನೆಯ ಸಾಧನ (3)’ ಎಂದು ಬಂದ ದಿನ ಮಾತ್ರ ಅವಳು ಯಾರನ್ನೂ ಬಯ್ಯಲಿಲ್ಲ. ಅದನ್ನು ನಾನು ಕ್ಲಾಸಿನಲ್ಲಿ ಕೇಳಿದೆ, ನಲವತ್ತು ಮಂದಿಯಲ್ಲಿ ಒಬ್ಬರಿಗೂ ‘ಕೂರಿಗೆ’ ಹೊಳೆಯಲಿಲ್ಲ. ಇಬ್ಬರು ‘ಟ್ರ್ಯಾಕ್ಟರ್’ ಎಂದರು, ಮೂರು ಮನೆಗೆ ಅದೂ ಹಿಡಿಸುತ್ತದೆ ಎನ್ನಿ.

ಈ ಯುಗಾದಿಗೆ ಊರಿಗೆ ಹೋದಾಗ ಹಳೆಯ ಕ್ಯಾಲೆಂಡರಿನ ಹಾಳೆಯೊಂದರ ಹಿಂಬದಿಯನ್ನು ಅಮ್ಮ ನನ್ನ ಮುಂದಿಟ್ಟಳು. ಸ್ಕೇಲು ಹಿಡಿದು ಎಳೆದ ಐದೈದು ಮನೆ, ಕೆಲವಕ್ಕೆ ಕಪ್ಪು ಮಸಿ. ಪಕ್ಕದಲ್ಲಿ ಸೂಚನೆಗಳು. ಅವಳೇ ಕಟ್ಟಿದ್ದು. ಎಡದಿಂದ ಬಲಕ್ಕೆ ಒಂದು: ‘ಉಳುವ ಜಾಗ (2)’. ಹೊಲ ಎಂದು ಬರೆದೆ. ಮೇಲಿನಿಂದ ಕೆಳಕ್ಕೆ ಒಂದು: ‘ಭತ್ತ ಕುಟ್ಟಲು ಬೇಕು (3)’. ಒನಕೆಯಲ್ಲದೆ ಇನ್ನೇನು? ಆದರೆ ಮೊದಲ ಮನೆಯಲ್ಲಿ ‘ಹೊ’ ಕೂತಿತ್ತು, ‘ಒ’ ಎಲ್ಲಿಡುವುದು?

“ಅವ್ವ, ಇದು ಕೂಡ್ತಾ ಇಲ್ಲ.”

“ಕೂಡ್ತದೆ. ಒಲ ಅಂತ ಬರಿ.”

“ಹೊಲ ಅಲ್ವಾ?”

“ಪೇಪರ್ನೋರ್ದು ಪೇಪರ್ನೋರ್ ಏಳ್ದಂಗೆ. ಇದು ನಂದು,” ಎಂದು ರಬ್ಬರನ್ನು ನನ್ನ ಕಡೆಗೆ ತಳ್ಳಿ ಒಲೆಯ ಮೇಲಿನ ಹೋಳಿಗೆ ತಿರುವಿಹಾಕಲು ಎದ್ದಳು. ನಾನು ‘ಹೊ’ ಅಳಿಸಿದೆ. ಎರಡನೆಯ ಸೂಚನೆ ಇನ್ನೂ ಗಟ್ಟಿಯಾಗಿತ್ತು.