ಹಳದಿಯೋ ಹಸಿರೋ?

ಅಮ್ಮನ ರೂಮಿನ ಗೋಡೆ ಮೇಲೆ ಎರಡು ಸ್ಯಾಂಪಲ್ ಬಳಿಸಿದ್ದೀವಿ. ಒಂದು ಕೆನೆ ಹಳದಿ, ಇನ್ನೊಂದು ಬೂದು ಬೆರೆತ ತಿಳಿ ಹಸಿರು. ಶೇಡ್ ಕಾರ್ಡ್‌ನಲ್ಲಿ ಹಸಿರೇ ಚೆಂದ ಕಾಣ್ತಿತ್ತು. ಆದ್ರೆ ಕಿಟಕಿ ಇರೋದು ಉತ್ತರಕ್ಕೆ. ಈಗ ನೇರ ಬಿಸಿಲಿಲ್ಲ, ಬರೋದೆಲ್ಲ ಆಕಾಶದ ನೀಲಿ ಬೆರೆತ ಬೆಳಕು. ಅದರಲ್ಲಿ ಹಸಿರು ಮಂಕಾಗುತ್ತೆ, ಹಳದಿ ಬೆಚ್ಚಗಿರುತ್ತೆ. ರಾತ್ರಿ 2700 ಕೆಲ್ವಿನ್‌ನ ಹಳದಿ ಬಲ್ಬ್ ಹಾಕಿದ್ರೆ ಎಲ್ಲ ಉಲ್ಟಾ: ಕೆನೆ ಬಣ್ಣ ಅರಿಶಿನಕ್ಕೆ ತಿರುಗುತ್ತೆ, ಹಸಿರು ಹದವಾಗಿ ಕಾಣುತ್ತೆ. ಬಣ್ಣಕ್ಕಿಂತ ಮೊದಲು ಬಲ್ಬ್ ಯಾವುದು ಅಂತ ತೀರ್ಮಾನ ಆಗ್ಬೇಕೇನೋ! ಅಮ್ಮ ಹಗಲೆಲ್ಲ ಅಲ್ಲೇ ಓದ್ತಾ ಕೂರೋದು, ಹಾಗಾಗಿ ನನ್ನ ಓಟು ಹಳದಿಗೆ. ಉತ್ತರಕ್ಕೆ ಕಿಟಕಿ ಇರೋರು ಯಾವ ಬಣ್ಣ ಹೊಡೆಸಿದ್ದೀರಿ? ಮಳೆಗಾಲದ ಮೋಡದಲ್ಲಿ ಹೇಗೆ ಕಾಣುತ್ತೆ, ಹೇಳಿ.