ಹಾಜರಿ ಪಟ್ಟಿಯಲ್ಲಿ ಇಲ್ಲದವರು

ಏಪ್ರಿಲ್ ಬಂತೆಂದರೆ ನಮ್ಮ ಬೊರಿವಲಿ ಶಾಖೆಯಲ್ಲಿ ಫೈರ್ ಡ್ರಿಲ್. 1944ರ ಏಪ್ರಿಲ್ 14ರಂದು ಬೊಂಬಾಯಿ ಬಂದರಿನಲ್ಲಿ ಹಡಗು ಸಿಡಿದಾಗ ಪ್ರಾಣ ಕೊಟ್ಟ 66 ಅಗ್ನಿಶಾಮಕರ ನೆನಪಿನ ವಾರ ಅದು. ನಾನು ನಮ್ಮ ಮಹಡಿಯ ಫೈರ್ ವಾರ್ಡನ್. ಬೆಂಕಿ ಆರಿಸುವವನು ಅಂದುಕೊಂಡಿರಾ? ಅಲ್ಲ ಮಾರಾಯ್ರೇ! ಸೈರನ್ ಕೂಗಿದೊಡನೆ ಎಲ್ಲರನ್ನೂ ಮೆಟ್ಟಿಲ ಕಡೆ ಕಳಿಸಬೇಕು, ಲಿಫ್ಟ್ ಹತ್ತಗೊಡಬಾರದು, ಶೌಚಾಲಯ, ರೆಕಾರ್ಡ್ ರೂಮು ಇಣುಕಿ ನೋಡಿ ಕೊನೆಯವನಾಗಿ ಇಳಿಯಬೇಕು. ಕೆಳಗೆ ತಲೆ ಎಣಿಸಬೇಕು.

ಈ ಎಣಿಕೆಯದೇ ತಕರಾರು. ಕೈಗೆ ಕೊಡುವುದು ಸ್ಟಾಫಿನ ಹಾಜರಿ ಪಟ್ಟಿ. ಅದರಲ್ಲಿ ಗ್ರಾಹಕರಿಲ್ಲ, ಕುಂದಾಪುರದ ಕಡೆಯ ಚಹಾದ ಹುಡುಗನಿಲ್ಲ, ಕಸ ಗುಡಿಸುವ ಮಾವ್ಶಿ ಇಲ್ಲ. ಕಳೆದ ಸಲ ಪಟ್ಟಿ ತಾಳೆಯಾಯಿತು, ಎಲ್ಲರೂ ವಾಪಸ್ ಹೊರಟರು. "ಮಾವ್ಶಿ ಎಲ್ಲಿ?" ಅಂದೆ. ಟೆರೇಸಿನಲ್ಲಿ ಒರೆಸುವ ಬಟ್ಟೆ ಒಣಹಾಕುತ್ತಿದ್ದರಂತೆ. ಸೈರನ್ ಅಲ್ಲಿಗೆ ಕೇಳಿಸುವುದೇ ಇಲ್ಲ! ಹೊಗೆಯೋ ಮೇಲಕ್ಕೇ ಏರುವಂಥದ್ದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತದ್ದು ನಿಮಗೂ ನೆನಪಿರಬೇಕು.

ಈಗ ಪಟ್ಟಿಯ ಕೆಳಗೆ ಪೆನ್ನಿನಲ್ಲಿ ಐದು ಹೆಸರು ಸೇರಿಸಿಟ್ಟಿದ್ದೇನೆ. "ಇವರು ನಮ್ಮ ಸ್ಟಾಫ್ ಅಲ್ಲವಲ್ಲ" ಅಂದರು ಮ್ಯಾನೇಜರ್. ಅಳಿಸಿಲ್ಲ. ಗ್ರಾಹಕರ ಲೆಕ್ಕಕ್ಕೆ ಮಾತ್ರ ಇನ್ನೂ ದಾರಿ ಹೊಳೆದಿಲ್ಲ.