ಬೆಸುಗೆಯನ್ನು ಮುರಿದು ನೋಡಿ

ಕಾಫಿ ತೋಟದ ಮನೆಯಲ್ಲಿ ಹಳೆಯ ಜೀಪಿನ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೇ ಬೆಳೆದ ಹುಡುಗನಿಗೆ, ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ ತಾನೇ ಒಂದು ಗಾಡಿ ಕಟ್ಟಬೇಕೆಂಬ ಆಸೆ ಹುಟ್ಟಿದರೆ ಆಶ್ಚರ್ಯವೇನಿಲ್ಲ. ಗೋಣಿಕೊಪ್ಪ, ವಿರಾಜಪೇಟೆ ಕಡೆಯಲ್ಲಿ ನಡೆಯುವ ಆಟೋಕ್ರಾಸ್ ಸ್ಪರ್ಧೆಗಳು ಆ ಆಸೆಗೆ ಇನ್ನಷ್ಟು ಗಾಳಿ ಹಾಕುತ್ತವೆ. ಹಳೆಯ ಎಂಜಿನ್ ಎಲ್ಲಾದರೂ ಸಿಕ್ಕೀತು, ಚಕ್ರಗಳೂ ಸಿಕ್ಕಾವು. ಆದರೆ ಅವನ್ನೆಲ್ಲ ಹಿಡಿದಿಡುವ, ಗಾಡಿ ಮಗುಚಿದರೆ ಒಳಗೆ ಕುಳಿತವನ ತಲೆ ಕಾಯುವ ಉಕ್ಕಿನ ಕೊಳವೆಗಳ ಚೌಕಟ್ಟನ್ನು ಕೈಯಾರೆ ಕಟ್ಟಬೇಕು. ಆಗ ಏಳುವ ಮೊದಲ ಪ್ರಶ್ನೆ: ಯಾವ ವೆಲ್ಡಿಂಗ್?

ಅಪ್ಪನ ಉತ್ತರ ಸಿದ್ಧವಾಗಿರುತ್ತದೆ. "ನಮ್ಮ ಗೇಟು ಬೆಸೆದವನನ್ನೇ ಕರೆದರಾಯಿತು." ಮಗನ ಬಳಿಯೂ ಉತ್ತರವಿರುತ್ತದೆ. "ಟಿಗ್ ಆಗಬೇಕು, ವಿದೇಶದಲ್ಲೆಲ್ಲ ಅದೇ." ಇಬ್ಬರೂ ಪೂರ್ತಿ ತಪ್ಪಲ್ಲ, ಇಬ್ಬರೂ ಪೂರ್ತಿ ಸರಿಯೂ ಅಲ್ಲ.

ಇಂಥ ಕೆಲಸಕ್ಕೆ ಬಳಸುವ ವೆಲ್ಡಿಂಗ್ ವಿಧಾನಗಳ ಹಿಂದಿರುವ ವಿಜ್ಞಾನ ಒಂದೇ. ಎರಡು ಲೋಹಗಳ ಅಂಚನ್ನು ಕರಗಿಸಿ, ಒಂದಾಗಿ ಗಟ್ಟಿಯಾಗಲು ಬಿಡುವುದು. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕು. ಆ ಬಿಸಿಯಲ್ಲಿ ಕರಗಿದ ಉಕ್ಕಿಗೆ ಗಾಳಿಯ ಆಮ್ಲಜನಕ, ಸಾರಜನಕ ತಗುಲಿದರೆ ಬೆಸುಗೆ ಕೆಡುತ್ತದೆ. ಆದ್ದರಿಂದ ಶಾಖವನ್ನು ಹೇಗೆ ಕೊಡುವುದು, ಗಾಳಿಯನ್ನು ಹೇಗೆ ದೂರವಿಡುವುದು ಎಂಬುದರಲ್ಲೇ ವಿಧಾನಗಳ ವ್ಯತ್ಯಾಸವೆಲ್ಲ ಅಡಗಿದೆ.

ಹಳೆಯದು ಗ್ಯಾಸ್ ವೆಲ್ಡಿಂಗ್. ಆಕ್ಸಿಜನ್ ಮತ್ತು ಅಸಿಟಿಲೀನ್ ಸೇರಿ ಉರಿಯುವ ಜ್ವಾಲೆ 3000 ಡಿಗ್ರಿ ದಾಟುತ್ತದೆ. 1915ರ ಫೋಕರ್ ಯುದ್ಧವಿಮಾನದ ಒಡಲು ಬೆಸೆದ ಉಕ್ಕಿನ ಕೊಳವೆಗಳದ್ದೇ. ಆದರೆ ಜ್ವಾಲೆಯ ಶಾಖ ಅಗಲವಾಗಿ ಹರಡುವುದರಿಂದ ಚೌಕಟ್ಟು ಸೊಟ್ಟಗಾಗುವ ಭಯ ಹೆಚ್ಚು.

ಊರೂರಿನ ವರ್ಕ್‌ಶಾಪಿನಲ್ಲಿರುವುದು ಕಡ್ಡಿಯ ಆರ್ಕ್ ವೆಲ್ಡಿಂಗ್. ಕಡ್ಡಿಗೆ ಬಳಿದ ಲೇಪವೇ ಉರಿದು ಅನಿಲವಾಗಿ, ಕಿಟ್ಟವಾಗಿ ಬೆಸುಗೆಯನ್ನು ಮುಚ್ಚಿ ಕಾಯುತ್ತದೆ. ಬಯಲಿನಲ್ಲೂ ಕೆಲಸ ಸಾಗುತ್ತದೆ, ಖರ್ಚೂ ಕಡಿಮೆ. ಆದರೆ ಕೊಳವೆ ತೆಳುವಾದರೆ ತೂತು ಬೀಳುತ್ತದೆ. ಒಂದು ಸಾಲಿನ ಕಿಟ್ಟವನ್ನು ತೆಗೆಯದೆ ಮೇಲೊಂದು ಸಾಲು ಎಳೆದರೆ ಕಿಟ್ಟ ಒಳಗೇ ಉಳಿಯುತ್ತದೆ.

ಮಿಗ್ ಯಂತ್ರದಲ್ಲಿ ತಂತಿ ತಾನಾಗಿಯೇ ಬರುತ್ತದೆ. ಇಂಗಾಲದ ಡೈಆಕ್ಸೈಡ್, ಇಲ್ಲವೇ ಅದರೊಡನೆ ಆರ್ಗಾನ್ ಬೆರೆಸಿದ ಅನಿಲ ಬೆಸುಗೆಯನ್ನು ಕಾಯುತ್ತದೆ. ಹೊಸಬನೂ ಬೇಗ ಕಲಿಯಬಹುದು. ಅದರ ಅಪಾಯವೂ ಅಲ್ಲಿಯೇ ಇದೆ. ಶಾಖ ಸಾಲದಿದ್ದರೂ ಮಿಗ್ ಬೆಸುಗೆ ನೋಡಲು ಸೊಗಸಾಗಿಯೇ ಇರುತ್ತದೆ. ಲೋಹ ಮೇಲೆ ಅಂಟಿಕೊಂಡಿರುತ್ತದೆ, ಒಳಗೆ ಬೆರೆತಿರುವುದಿಲ್ಲ. ಟಿಗ್‌ನಲ್ಲಿ ಟಂಗ್‌ಸ್ಟನ್ ಮೊನೆಯಿಂದ ಆರ್ಕ್ ಹುಟ್ಟುತ್ತದೆ, ಆರ್ಗಾನ್ ಕಾಯುತ್ತದೆ, ತುಂಬುವ ಲೋಹವನ್ನು ಇನ್ನೊಂದು ಕೈ ಕೊಡುತ್ತದೆ. ಬೆಸುಗೆ ಬಹಳ ಶುದ್ಧ. ಆದರೆ ಕೆಲಸ ನಿಧಾನ, ದುಬಾರಿ, ತಿಂಗಳುಗಟ್ಟಲೆ ಅಭ್ಯಾಸ ಬೇಡುವಂಥದ್ದು.

ಇನ್ನು ಕೊಡಗಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಆಟಿ ತಿಂಗಳಲ್ಲಿ ಬೆಂಕಿಪೆಟ್ಟಿಗೆಯೇ ಮೆತ್ತಗಾಗುವಾಗ ವೆಲ್ಡಿಂಗ್ ಕಡ್ಡಿ ಒಣಗಿರುವುದೆಲ್ಲಿ? ತೇವ ಹೀರಿದ ಕಡ್ಡಿಯಿಂದ ಬೆಸುಗೆಯೊಳಗೆ ಗುಳ್ಳೆಗಳಾಗುತ್ತವೆ. ನೀರಿನಿಂದ ಬಂದ ಜಲಜನಕ ಗಟ್ಟಿ ಜಾತಿಯ ಉಕ್ಕಿನೊಳಗೆ ಸೇರಿದರೆ, ಕೆಲಸ ಮುಗಿದು ಗಂಟೆಗಳ ಮೇಲೆ, ಕೆಲವೊಮ್ಮೆ ದಿನಗಳ ಮೇಲೆ ಬಿರುಕು ಬಿಡಬಹುದು. ಮಿಗ್, ಟಿಗ್‌ಗೆ ಈ ಕಡ್ಡಿಯ ಕಾಟವಿಲ್ಲ, ಆದರೆ ತೆರೆದ ಕಣದಲ್ಲಿ ಬೀಸುವ ಗಾಳಿ ಅವುಗಳ ಅನಿಲವನ್ನು ಹಾರಿಸಿಬಿಡುತ್ತದೆ. ಹಾಗಾಗಿ ವಿಧಾನ ಯಾವುದಾದರೂ ಇರಲಿ, ಮಳೆ ಕಳೆದ ಕಾಲ, ಗೋಡೆಯಿರುವ ಜಾಗ, ಒಣ ಸಾಮಾನು ಬೇಕೇ ಬೇಕು.

ಮನೆಯ ಮೂಲೆಯಲ್ಲಿ ಬಿದ್ದಿರುವ ನೀರಿನ ಜಿ.ಐ. ಪೈಪಿನ ಮೇಲೆ ಎಲ್ಲರ ಕಣ್ಣು ಮೊದಲು ಬೀಳುತ್ತದೆ. ಅದು ಈ ಕೆಲಸಕ್ಕೆ ಬೇಡ. ಅದರ ಮೇಲಿನ ಸತು 907 ಡಿಗ್ರಿಯಲ್ಲೇ ಕುದಿಯುತ್ತದೆ. ಅದರ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ, ಬೆಸುಗೆಯೂ ಟೊಳ್ಳಾಗುತ್ತದೆ.

ಹಾಗಾದರೆ ಉತ್ತರವೇನು? ಅದನ್ನು ವಿದ್ಯಾರ್ಥಿಗಳ ಒಂದು ಸ್ಪರ್ಧೆ ಬಹಳ ಚೆನ್ನಾಗಿ ಹೇಳುತ್ತದೆ. ಕಾಲೇಜು ಹುಡುಗರು ತಾವೇ ಕಟ್ಟಿದ ಒಬ್ಬರ ಗಾಡಿಯನ್ನು ಕಲ್ಲುಮಣ್ಣಿನಲ್ಲಿ ಓಡಿಸುವ ಬಾಹಾ ಸ್ಪರ್ಧೆ ಅಮೆರಿಕದಲ್ಲಿ 1976ರಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ 2007ರಲ್ಲಿ ಇಂದೋರ್ ಬಳಿಯ ಪೀತಂಪುರದಲ್ಲಿ ಮೊದಲು ನಡೆಯಿತು. ಪಂಜರದ ಮುಖ್ಯ ಕೊಳವೆಗೆ ಅದರ ನಿಯಮ ಹೇಳುವ ಮೂಲ ಅಳತೆ ಸುಮಾರು 25 ಮಿಲಿಮೀಟರ್ ಹೊರವ್ಯಾಸ, 3 ಮಿಲಿಮೀಟರ್ ದಪ್ಪ. ಉಕ್ಕಿನಲ್ಲಿ ಕನಿಷ್ಠ ಶೇಕಡಾ 0.18 ಇಂಗಾಲ. ಪಂಜರ ಬೆಸೆಯುವ ಪ್ರತಿಯೊಬ್ಬನೂ ಅದೇ ಬಗೆಯ ಕೊಳವೆಯಲ್ಲಿ ಎರಡು ಮಾದರಿಗಳನ್ನು ಮಾಡಿ ತೋರಿಸಬೇಕು. ಒಂದು 90 ಡಿಗ್ರಿ ಕೋನದ ಕೂಡು. ಅದನ್ನು ಮುರಿಯುವವರೆಗೂ ಹಿಂಸಿಸಬೇಕು. ಮುರಿದರೆ ಕೊಳವೆ ಮುರಿಯಬೇಕೇ ಹೊರತು ಬೆಸುಗೆ ಬಿಡಬಾರದು. ಇನ್ನೊಂದು 30 ಡಿಗ್ರಿಯದು. ಅದನ್ನು ಉದ್ದಕ್ಕೆ ಸೀಳಿ, ಲೋಹ ಎಲ್ಲ ಕಡೆಯೂ ಸಮವಾಗಿ ಆಳಕ್ಕೆ ಇಳಿದಿದೆಯೇ ಎಂದು ನೋಡಬೇಕು. ಯಂತ್ರದ ಬೆಲೆಗೆ ಇಲ್ಲಿ ಅಂಕವಿಲ್ಲ. ಬೆಸೆದ ಕೈಗೆ ಪರೀಕ್ಷೆ.

ಇದೇ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ಒಂದು ಕೊಳವೆಯ ತುದಿಯನ್ನು ಮೀನಿನ ಬಾಯಿಯಂತೆ ಕೊರೆದು, ಇನ್ನೊಂದರ ಮೈಗೆ ಸಂದಿಲ್ಲದಂತೆ ಕೂರಿಸಬೇಕು. ತುಕ್ಕು, ಬಣ್ಣ, ಎಣ್ಣೆ ಎಲ್ಲವನ್ನೂ ಉಜ್ಜಿ ತೆಗೆದು ಬೆಸೆಯಬೇಕು. ತಣ್ಣಗಾದ ಮೇಲೆ ಗರಗಸದಿಂದ ಸೀಳಿದರೆ ಒಳಗಿನ ಸತ್ಯ ಕಾಣುತ್ತದೆ. ಇನ್ನೊಂದು ಮಾದರಿಯನ್ನು ವೈಸಿಗೆ ಕಚ್ಚಿಸಿ, ಉದ್ದದ ಪೈಪು ತೊಡಿಸಿ ಬಗ್ಗಿಸಬೇಕು. ಗೇಟಿನ ವೆಲ್ಡರಿನ ಕಡ್ಡಿಯ ಬೆಸುಗೆ ಇದರಲ್ಲಿ ಗೆದ್ದರೆ ಅವನೇ ಸರಿಯಾದ ಆಳು. ಮಗನ ಹೊಳೆಯುವ ಬೆಸುಗೆ ಸೋತರೆ ಇನ್ನಷ್ಟು ಅಭ್ಯಾಸ ಬೇಕು. ಅಳುಕಿದ್ದರೆ ಐ.ಟಿ.ಐ.ಯಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿ ಇದೆ. ಎಂಜಿನಿಯರಿಂಗ್ ಓದುವವನು ಅಲ್ಲಿನ ಮೇಸ್ಟರ ಬಳಿ ಹೋಗಿ ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಹೆತ್ತವರು ತಿಳಿಯಬೇಕಾದ ಮಾತುಗಳೂ ಕೆಲವಿವೆ. ಆರ್ಕಿನ ಅತಿನೇರಳೆ ಕಿರಣ ಕೆಲವೇ ಕ್ಷಣದಲ್ಲಿ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಪಕ್ಕದಲ್ಲಿ ನಿಂತು ನೋಡುವ ತಮ್ಮ, ತಂಗಿಯರಿಗೂ ವೆಲ್ಡಿಂಗ್ ಮುಖವಾಡ ಇರಬೇಕು, ಇಲ್ಲವೇ ಅವರು ದೂರವಿರಬೇಕು. ಕಟ್ಟಿದ ಗಾಡಿ ಎಷ್ಟೇ ಚೆನ್ನಾಗಿದ್ದರೂ ನೋಂದಣಿಯಿಲ್ಲದ ವಾಹನ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ. ಕೊಳವೆ ಕೊಳ್ಳಲು ಮಗ ಹಣ ಕೇಳಿದಾಗ, ಚೌಕಟ್ಟಿಗೆ ಬೇಕಾದ್ದಕ್ಕಿಂತ ನಾಲ್ಕು ಮೀಟರ್ ಹೆಚ್ಚಿಗೆ ಕೊಡಿಸಿ. ಅದು ಮುರಿಯುವುದಕ್ಕೆ. ಸೀಳಿದ ಆ ತುಂಡನ್ನು ಒಮ್ಮೆ ಕೈಯಲ್ಲಿ ಹಿಡಿದು ನೀವೂ ನೋಡಿ. ಗಾಡಿಯೊಳಗೆ ಕೂರುವವನು ನಿಮ್ಮ ಮಗ.